ರಾತ್ರಿ 12.30ಕ್ಕೆ ಮೊಬೈಲ್ ಆಫ್ ಮಾಡಬೇಕೇ?

ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣ ಭೂಮಿಯ ಹತ್ತಿರ ಹಾಯುತ್ತದೆ, ಮೊಬೈಲ್ ಆಫ್ ಮಾಡಿ ಎಂಬ ಹಳೇ ಫಾರ್ವರ್ಡ್ ನಿಮಗೂ ಬಂದಿರಬಹುದು. ಅದು ಸುಳ್ಳು. ಆ ಕಿರಣಗಳು ಹಗಲೂ ರಾತ್ರಿಯೂ ಬರುತ್ತಲೇ ಇರುತ್ತವೆ. ಭೂಮಿಯ ಕಾಂತಕ್ಷೇತ್ರ, ವಾತಾವರಣ ನಮ್ಮನ್ನು ಕಾಯುತ್ತವೆ. ಮೊಬೈಲಿಗೂ ಅವಕ್ಕೂ ಸಂಬಂಧವಿಲ್ಲ.

ನಕ್ಷತ್ರಗಳ ಎಕ್ಸ್-ರೇಯನ್ನಂತೂ ವಾತಾವರಣ ಹೀರಿಬಿಡುತ್ತದೆ. ಹಳೇಬೀಡಿನ ಆಕಾಶ ಎಷ್ಟೇ ಶುಭ್ರವಾಗಿರಲಿ, ನೆಲದಿಂದ ಅದನ್ನು ಹಿಡಿಯಲಾಗದು. ಅದಕ್ಕೇ ಇಸ್ರೋ 2015ರಲ್ಲಿ ಆಸ್ಟ್ರೋಸ್ಯಾಟನ್ನು ಸುಮಾರು 650 ಕಿ.ಮೀ. ಎತ್ತರಕ್ಕೆ ಕಳಿಸಿದ್ದು. ಐದು ವರ್ಷಕ್ಕೆಂದು ಕಟ್ಟಿದ್ದು ಹತ್ತು ವರ್ಷ ದುಡಿದಿದೆ! 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಕೂಡ ಹಾರಿತು. ಅದರ ಪೋಲಿಕ್ಸ್ ಉಪಕರಣ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯದು.

ಅರಸೀಕೆರೆ, ಬೇಲೂರಿನವರಿಗೊಂದು ಮಾತು: ಇವನ್ನು ನಡೆಸುವುದು ನಮ್ಮ ಹಾಸನದ ಇಸ್ರೋ ಕೇಂದ್ರವಲ್ಲ, ಬೆಂಗಳೂರು. ಹಾಸನದ್ದು ಮುಖ್ಯವಾಗಿ 36,000 ಕಿ.ಮೀ. ಎತ್ತರದ ಸಂವಹನ, ಹವಾಮಾನ ಉಪಗ್ರಹಗಳ ಕೆಲಸ.