ಲೈಡನ್ ನಗರ

ಒಂದು ನಗರದ ಹಿರಿಮೆಯನ್ನು ಅದರ ವಿಸ್ತಾರದಿಂದ ಅಳೆಯಲಾಗದು. ನೆದರ್ಲೆಂಡ್ಸ್ ದೇಶದ ಲೈಡನ್ ಇದಕ್ಕೆ ಉತ್ತಮ ನಿದರ್ಶನ. ಹೇಗ್ ಮತ್ತು ಆಮ್‌ಸ್ಟರ್‌ಡ್ಯಾಮ್ ಎಂಬ ಎರಡು ಪ್ರಸಿದ್ಧ ನಗರಗಳ ನಡುವೆ, ರೈನ್ ನದಿಯ ಹಳೆಯ ಕವಲೊಂದರ ದಡದಲ್ಲಿರುವ ಈ ಊರಿನ ಜನಸಂಖ್ಯೆ ಒಂದೂಕಾಲು ಲಕ್ಷಕ್ಕಿಂತ ತುಸು ಹೆಚ್ಚು. ಊರಿನ ತುಂಬ ಕಾಲುವೆಗಳು. ಅವುಗಳ ಮೇಲೆ ಸೇತುವೆಗಳು. ಇಕ್ಕೆಲಗಳಲ್ಲಿ ಇಟ್ಟಿಗೆಯ ಹಳೆಯ ಮನೆಗಳು.

ಸುತ್ತಣ ನೆಲದ ಬಹುಭಾಗ ಸಮುದ್ರಮಟ್ಟಕ್ಕಿಂತ ತಗ್ಗು. ಏರಿಗಳನ್ನು ಕಟ್ಟಿ ನೀರನ್ನು ತಡೆಯುವುದು ಅಲ್ಲಿಯ ಜನರ ತಲೆತಲಾಂತರದ ಕಾಯಕ. ಅಂತಹ ಜನ ಒಮ್ಮೆ ತಮ್ಮ ಏರಿಗಳನ್ನು ತಾವೇ ಒಡೆಯಬೇಕಾಯಿತು.

ಅದು ಸ್ಪೇನಿನ ಅರಸನ ಆಳ್ವಿಕೆಯ ವಿರುದ್ಧ ಡಚ್ಚರು ದಂಗೆಯೆದ್ದಿದ್ದ ಕಾಲ. 1574ರ ಮೇ ತಿಂಗಳಲ್ಲಿ ಸ್ಪೇನಿನ ಸೈನ್ಯ ಲೈಡನ್ನನ್ನು ಮುತ್ತಿತು. ಆಹಾರ ಬರುವ ದಾರಿಗಳೆಲ್ಲ ಮುಚ್ಚಿದುವು. ಹಸಿವಿಗೂ ಪ್ಲೇಗಿಗೂ ಸಾವಿರಾರು ಜನ ಬಲಿಯಾದರು. ಆದರೂ ನಗರ ಶರಣಾಗಲಿಲ್ಲ. ದಂಗೆಯ ನಾಯಕನಾದ ಆರೆಂಜಿನ ರಾಜಕುಮಾರ ವಿಲಿಯಂ ಏರಿಗಳನ್ನು ಒಡೆಸಿದನು. ಹೊಲಗಳು ನೀರುಪಾಲಾದುವು, ಆದರೆ ದೋಣಿಗಳು ಸಾಗುವಷ್ಟು ನೀರು ಏರಲಿಲ್ಲ. ವಾರಗಟ್ಟಲೆ ಕಾದ ಮೇಲೆ ಬಿರುಗಾಳಿಯೆದ್ದು ಕಡಲ ನೀರನ್ನು ಒಳನಾಡಿಗೆ ನೂಕಿತು. ಶತ್ರುಗಳು ಹಿಮ್ಮೆಟ್ಟಿದರು. ಅಕ್ಟೋಬರ್ 3ರಂದು ಆಹಾರ ಹೊತ್ತ ದೋಣಿಗಳು ನಗರವನ್ನು ಮುಟ್ಟಿದುವು. ಇಂದಿಗೂ ಪ್ರತಿವರ್ಷ ಆ ದಿನ ಅಲ್ಲಿ ಹೆರಿಂಗ್ ಎಂಬ ಮೀನನ್ನೂ ಬಿಳಿಯ ಬ್ರೆಡ್ಡನ್ನೂ ಹಂಚುತ್ತಾರೆ. ಹಸಿವಿನ ನೆನಪೇ ಅವರ ಹಬ್ಬ.

ಯುದ್ಧವಿನ್ನೂ ಮುಗಿದಿರಲಿಲ್ಲ. ಆದರೂ ಮರುವರ್ಷ, 1575ರ ಫೆಬ್ರವರಿಯಲ್ಲಿ, ವಿಲಿಯಂ ಅಲ್ಲಿ ಒಂದು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದನು. ಆ ದೇಶದ ವಿಶ್ವವಿದ್ಯಾನಿಲಯಗಳಲ್ಲಿ ಅದೇ ಅತ್ಯಂತ ಹಳೆಯದು. ‘ಸ್ವಾತಂತ್ರ್ಯದ ಕೋಟೆ’ ಎಂಬುದು ಅದರ ಧ್ಯೇಯವಾಕ್ಯ.

ಆ ವಿದ್ಯಾಕೇಂದ್ರದ ಫಲ ಲೋಕಕ್ಕೆಲ್ಲ ದೊರೆಯಿತು. 1590ರಲ್ಲಿ ಸ್ಥಾಪಿತವಾದ ಅದರ ಸಸ್ಯೋದ್ಯಾನದಲ್ಲಿ ಕ್ಲೂಸಿಯಸ್ ಎಂಬ ವಿದ್ವಾಂಸನು ಟ್ಯೂಲಿಪ್ ಹೂಗಳನ್ನು ಬೆಳೆಸಿದನು. ಸ್ಥಿರವಿದ್ಯುತ್ತನ್ನು ಸಂಗ್ರಹಿಸಿಡುವ ಗಾಜಿನ ಪಾತ್ರೆಗೆ ‘ಲೈಡನ್ ಜಾಡಿ’ ಎಂಬ ಹೆಸರು ಬಂದುದು 1746ರಲ್ಲಿ ಇಲ್ಲಿ ನಡೆದ ಪ್ರಯೋಗದಿಂದ. 1908ರಲ್ಲಿ ಕಾಮರ್ಲಿಂಗ್ ಓನ್ನೆಸ್ ಅವರು ಹೀಲಿಯಂ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದುದೂ ಇಲ್ಲಿಯೇ. ಅದಕ್ಕೆ ಬೇಕಾದ ಉಷ್ಣತೆ ಸೊನ್ನೆಗಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗಿನದು!

ಕಲೆಯಲ್ಲಿಯೂ ಈ ಊರು ಹಿಂದುಳಿಯಲಿಲ್ಲ. ಜಗದ್ವಿಖ್ಯಾತ ಚಿತ್ರಕಾರ ರೆಂಬ್ರಾಂಟ್ 1606ರಲ್ಲಿ ಇಲ್ಲಿ, ಗಿರಣಿಯವನ ಮಗನಾಗಿ ಜನಿಸಿದನು. 1992ರಿಂದೀಚೆಗೆ ಇಲ್ಲಿಯ ಮನೆಗಳ ಹೊರಗೋಡೆಗಳ ಮೇಲೆ ನೂರಕ್ಕೂ ಹೆಚ್ಚು ಕವಿತೆಗಳನ್ನು, ಜಗತ್ತಿನ ಹಲವು ಭಾಷೆಗಳಲ್ಲಿ, ಅವುಗಳದೇ ಲಿಪಿಯಲ್ಲಿ ಬರೆಯಲಾಗಿದೆ.

ಹಸಿವಿನಿಂದ ಕಂಗೆಟ್ಟಿದ್ದ ಊರೊಂದು ಚೇತರಿಸಿಕೊಂಡೊಡನೆ ವಿದ್ಯೆಯ ಮನೆಯನ್ನು ಕಟ್ಟಿಕೊಂಡಿತು. ಗೆದ್ದ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಲು ಜ್ಞಾನವೂ ಬೇಕೆಂಬುದನ್ನು ಲೈಡನ್ ಬಹು ಹಿಂದೆಯೇ ಅರಿತಿತ್ತು.