ಆಟ ಮುಗಿದ ಮೇಲೆ ಶುರುವಾದ ಪಾಠ

ನಿಮ್ಮ ಮನೆಯ ಹುಡುಗ ಶಾಲೆಯಿಂದ ಬಂದವನೇ ಚೀಲವನ್ನು ಮೂಲೆಗೆಸೆದು ಚೆಂಡು ಹಿಡಿದು ಓಡುವವನೇ? ಹಾಗಾದರೆ ಈ ಲೇಖನವನ್ನು ನೀವು ಕೊನೆಯವರೆಗೂ ಓದಬೇಕು. ಮಗ್ರಿಬ್ ಹೊತ್ತಿಗೆ ಅವನು ಮನೆಗೆ ಬರುವಾಗ ಮೊಣಕಾಲು ತರಚಿರುತ್ತದೆ, ಚಪ್ಪಲಿ ಕಿತ್ತಿರುತ್ತದೆ. "ಈ ಆಟ ನಾಳೆ ನಿನ್ನ ಹೊಟ್ಟೆ ತುಂಬಿಸುತ್ತದೆಯೇ?" ಎಂದು ತಾಯಿ ಕೇಳುತ್ತಾಳೆ. ಬೇತಮಂಗಲ, ಕೆಜಿಎಫ್, ಬಂಗಾರಪೇಟೆಗಳಲ್ಲಿ ಈ ಪ್ರಶ್ನೆ ಕೇಳಿಬರದ ಮನೆ ಕಡಿಮೆ. ಇದನ್ನು ಕೇಳುವ ತಾಯಿ ಆಟದ ವಿರೋಧಿಯಲ್ಲ. ಮಗನ ಭವಿಷ್ಯದ ಚಿಂತೆ ಅವಳಿಂದ ಈ ಮಾತನ್ನು ಆಡಿಸುತ್ತದೆ. ಆದ್ದರಿಂದ ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಹುಡುಕಬೇಕು. ನಮ್ಮದೇ ಬೆಂಗಳೂರಿನ ಫುಟ್ಬಾಲ್ ಆಟಗಾರನೊಬ್ಬನ ಬದುಕು ಈ ವಿಷಯದಲ್ಲಿ ನಮಗೆ ಸಾಕಷ್ಟು ಹೇಳುತ್ತದೆ. ಅವರು ಕಾರ್ಲ್ಟನ್ ಚಾಪ್‌ಮನ್.

ಬರಿಗಾಲಿನ ಹಿರಿಯರು

ಚಾಪ್‌ಮನ್ ಕಥೆಗೆ ಮುನ್ನ ಅವರ ಊರಿನ ಕಥೆ ಸ್ವಲ್ಪ ತಿಳಿದಿರಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿದ್ದರು. 2-1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದ ಮುನ್ಪಡೆಯಲ್ಲಿ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್ ಕೂಡ ಇದ್ದರು. 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯಾ ಎದುರು ಭಾರತ 10-1ರಿಂದ ಸೋತಾಗ ಆ ಒಂದು ಗೋಲು ಅಹ್ಮದ್ ಖಾನರದ್ದು. ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಐವರು ಪ್ರಖ್ಯಾತ ಮುನ್ಪಡೆ ಆಟಗಾರರನ್ನು ಜನ "ಪಂಚಪಾಂಡವರು" ಎಂದು ಕರೆಯುತ್ತಿದ್ದರು. ಅವರಲ್ಲೊಬ್ಬರು ನಮ್ಮ ಈ ಖಾನ್ ಸಾಹೇಬರು! 2017ರಲ್ಲಿ ಅವರು ಬೆಂಗಳೂರಿನಲ್ಲೇ ತೀರಿಕೊಂಡರು.

ಆ ಕಾಲದ ಭಾರತ ತಂಡವನ್ನು ತಿದ್ದಿ ಬೆಳೆಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಅವರು ಶಾಲಾ ಮೇಷ್ಟ್ರು. 1951 ಮತ್ತು 1962ರ ಏಷ್ಯನ್ ಗೇಮ್ಸ್‌ಗಳ ಚಿನ್ನವನ್ನೂ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನವನ್ನೂ ಭಾರತ ಪಡೆದದ್ದು ಅವರ ತರಬೇತಿಯಲ್ಲಿ. 1963ರಲ್ಲಿ ಕ್ಯಾನ್ಸರ್ ಅವರನ್ನು ಕೊಂಡೊಯ್ದಿತು. ಅಂತಹ ಎತ್ತರವನ್ನು ನಮ್ಮ ಫುಟ್ಬಾಲ್ ಮತ್ತೆ ಮುಟ್ಟಲಿಲ್ಲ. ಕಾಲಲ್ಲಿ ಚಳಕವಿರುವ ಹುಡುಗರು ಎಲ್ಲ ಕಾಲದಲ್ಲೂ ಹುಟ್ಟುತ್ತಾರೆ. ಅವರನ್ನು ಗುರುತಿಸಿ ತಿದ್ದುವ ಮೇಷ್ಟ್ರು ಅಪರೂಪ.

ಚೆಂಡು ಕೊಡುವವನು

ಕಾರ್ಲ್ಟನ್ ಚಾಪ್‌ಮನ್ 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಹುಟ್ಟಿದರು. ನಗರದಲ್ಲೇ ಆಟ ಕಲಿತು 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿ ಸೇರಿದರು. 1987ರಲ್ಲಿ ಆರಂಭವಾದ ಈ ಅಕಾಡೆಮಿಯಲ್ಲಿ ಹುಡುಗರು ಅಲ್ಲೇ ಉಳಿದು ಶಿಸ್ತಿನಿಂದ ಆಟ ಕಲಿಯುತ್ತಾರೆ. ಅಲ್ಲಿ ಪಳಗಿದ ಚಾಪ್‌ಮನ್ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್ ಪಂದ್ಯದಲ್ಲಿ ಇರಾಕಿನ ಬಲಾಢ್ಯ ಅಲ್ ಝವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಆರರಲ್ಲಿ ಮೂರು ಗೋಲು ಚಾಪ್‌ಮನ್‌ರವು. ಆಗ ಅವರಿಗೆ 22 ವರ್ಷ.

ಹೀಗೆ ಗೋಲು ಹೊಡೆಯಬಲ್ಲವರಾದರೂ ಚಾಪ್‌ಮನ್ ಅವರ ಸ್ಥಾನ ಮುನ್ಪಡೆಯ ಬೆನ್ನ ಹಿಂದಿನ ಮಧ್ಯಭಾಗ. ಎದುರಾಳಿಯಿಂದ ಚೆಂಡು ಕಸಿಯುವುದು, ತಲೆಯೆತ್ತಿ ಮೈದಾನವನ್ನೆಲ್ಲ ನೋಡುವುದು, ಮುಂದೆ ಓಡುತ್ತಿರುವ ಜೊತೆಗಾರನ ಕಾಲಿಗೆ ಸರಿಯಾದ ಕ್ಷಣದಲ್ಲಿ ಚೆಂಡು ತಲುಪಿಸುವುದು ಅಲ್ಲಿ ನಿಂತವನ ಕೆಲಸ. 1995ರಲ್ಲಿ ಅವರು ಪಂಜಾಬಿನ ಜೆಸಿಟಿ ತಂಡ ಸೇರಿದಾಗ ಮುಂದೆ ನಿಂತಿದ್ದವರು ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ. ವಿಜಯನ್ ಬಾಲ್ಯದಲ್ಲಿ ತ್ರಿಶೂರಿನ ಕ್ರೀಡಾಂಗಣದಲ್ಲಿ ಸೋಡಾ ಮಾರಿ ಬೆಳೆದವರು. 2025ರಲ್ಲಿ ಪದ್ಮಶ್ರೀ ಪಡೆದರು. ಭುಟಿಯಾ ಸಿಕ್ಕಿಂನ ಬೆಟ್ಟದ ಹಳ್ಳಿಯವರು. ಕೇರಳ, ಸಿಕ್ಕಿಂ, ಬೆಂಗಳೂರಿನ ಮೂವರು ಪಂಜಾಬಿನಲ್ಲಿ ಒಂದಾದರು. 1996-97ರಲ್ಲಿ ನಡೆದ ಮೊದಲ ರಾಷ್ಟ್ರೀಯ ಫುಟ್ಬಾಲ್ ಲೀಗ್ ಜೆಸಿಟಿಯ ಪಾಲಾಯಿತು. ಗೋಲು ಹೊಡೆದವರ ಚಿತ್ರ ಪತ್ರಿಕೆಗಳಲ್ಲಿ ಬಂತು. ಆ ಗೋಲುಗಳ ಹಿಂದೆ ಯಾರ ಕಾಲಿದೆ ಎಂಬುದು ಆಟ ಬಲ್ಲವರಿಗೆ ಗೊತ್ತಿತ್ತು.

ನಂತರ ಒಂದು ವರ್ಷ ಎಫ್‌ಸಿ ಕೊಚ್ಚಿನ್‌ನಲ್ಲಿದ್ದು, 1998ರಲ್ಲಿ ಅವರು ಈಸ್ಟ್ ಬೆಂಗಾಲ್‌ಗೆ ಮರಳಿದರು. 2000-01ರಲ್ಲಿ ಆ ಕ್ಲಬ್ ಮೊದಲ ಬಾರಿ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕ ಚಾಪ್‌ಮನ್. 1995ರಿಂದ 2001ರವರೆಗೆ ಭಾರತಕ್ಕಾಗಿಯೂ ಆಡಿದರು.

2001: ಎರಡು ಬಾಗಿಲು ಮುಚ್ಚಿದ ವರ್ಷ

ಈ 2001 ನಮ್ಮ ಭಾಗದವರಿಗೆ ಮರೆಯಲಾಗದ ವರ್ಷ. ಫೆಬ್ರವರಿ ಕೊನೆಗೆ ಕೋಲಾರದ ಚಿನ್ನದ ಗಣಿ ಮುಚ್ಚಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಭೂಮಿಯ ಆಳಕ್ಕಿಳಿದು ಕಲ್ಲು ಕೊರೆದ ಕುಟುಂಬಗಳ ಕೈಯಲ್ಲಿ ಕಸುಬಿತ್ತು, ಆದರೆ ಕಸುಬಿಗೆ ಕೆಲಸವಿರಲಿಲ್ಲ. ಆ ಗಣಿಗೆ ಪಾಲಾರಿನ ನೀರು ಕಳಿಸಿದ ಬೇತಮಂಗಲಕ್ಕೂ ಆ ಬಿಸಿ ತಟ್ಟದಿರಲಿಲ್ಲ. ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವುದು ಸಾವಿರಾರು ಜನರ ದಿನಚರಿಯಾಯಿತು.

ಅದೇ ವರ್ಷ, ಲೀಗ್ ಗೆದ್ದ ಬೆನ್ನಿಗೇ, ಚಾಪ್‌ಮನ್ ವೃತ್ತಿಪರ ಫುಟ್ಬಾಲ್‌ಗೆ ವಿದಾಯ ಹೇಳಿದರು. ಆಗ ಅವರಿಗೆ ಮೂವತ್ತು. ನೀವೇ ಯೋಚಿಸಿ. ಮೂವತ್ತಕ್ಕೆ ವೈದ್ಯನೊಬ್ಬ ವೃತ್ತಿ ಆರಂಭಿಸುತ್ತಿರುತ್ತಾನೆ. ವ್ಯಾಪಾರಿಯ ಅಂಗಡಿ ಆಗಷ್ಟೇ ನೆಲೆ ನಿಲ್ಲುತ್ತಿರುತ್ತದೆ. ಆಟಗಾರನಿಗೆ ಮಾತ್ರ ಆಗಲೇ ಸಂಜೆ. ಇಂದಿನಂತೆ ಕೋಟಿಗಟ್ಟಲೆ ಹಣ ಹರಿಯುವ ಇಂಡಿಯನ್ ಸೂಪರ್ ಲೀಗ್ ಆಗ ಇರಲಿಲ್ಲ. ಅದು ಬಂದದ್ದು 2014ರಲ್ಲಿ. "ಹೊಟ್ಟೆ ತುಂಬುತ್ತದೆಯೇ?" ಎಂಬ ತಾಯಿಯ ಪ್ರಶ್ನೆ ನಿಜವಾಗಿ ಎದುರು ನಿಲ್ಲುವುದು ಈ ವಯಸ್ಸಿನಲ್ಲಿ.

ಗೆರೆಯ ಆಚೆ ನಿಂತು

ಚಾಪ್‌ಮನ್ ಆರಿಸಿಕೊಂಡದ್ದು ಕಲಿಸುವ ದಾರಿ. ತರಬೇತುದಾರನಾಗಿ ಅವರು ಮೊದಲು ಹೋದದ್ದು ತಾವು ಕಲಿತ ಟಾಟಾ ಅಕಾಡೆಮಿಗೇ. ಮುಂದೆ ಮೇಘಾಲಯದ ಶಿಲ್ಲಾಂಗ್‌ಗೆ ಹೋಗಿ ರಾಯಲ್ ವಾಹಿಂಗ್ಡೋ ತಂಡವನ್ನು ಬೆಳೆಸಿದರು. ಅವರ ಕಾಲದಲ್ಲಿ ಆ ತಂಡ ಮೂರು ಬಾರಿ ಶಿಲ್ಲಾಂಗ್ ಪ್ರೀಮಿಯರ್ ಲೀಗನ್ನೂ 2011ರಲ್ಲಿ ಬಾರ್ದೋಲೋಯ್ ಟ್ರೋಫಿಯನ್ನೂ ಗೆದ್ದಿತು. ಬಳಿಕ ಕೋಲ್ಕತ್ತಾದ ಭವಾನಿಪುರ್ ಕ್ಲಬ್, ಅದರ ನಂತರ ಕೋಝಿಕ್ಕೋಡಿನ ಕ್ವಾರ್ಟ್ಜ್ ಎಫ್‌ಸಿ. ಇವುಗಳಲ್ಲಿ ಹೆಚ್ಚಿನವು ದೊಡ್ಡ ಹೆಸರಿನ ತಂಡಗಳಲ್ಲ. ಟಿವಿಯಲ್ಲಿ ಅಷ್ಟಾಗಿ ಕಾಣದ ತಂಡಗಳು, ಹೆಸರು ಮಾಡಬೇಕೆಂದು ಹಂಬಲಿಸುವ ಹುಡುಗರು. ಲೀಗ್ ಗೆದ್ದ ನಾಯಕ ಅಂತಹವರ ನಡುವೆ ಹೋಗಿ ನಿಂತರು.

ಆಡುವುದಕ್ಕಿಂತ ಆಡಿಸುವುದು ಕಷ್ಟ. ಮುನ್ಪಡೆಯವನಾಗಲಿ ಮಧ್ಯದವನಾಗಲಿ, ತಾನು ಆಡುವಾಗ ಎಷ್ಟೋ ಕೆಲಸಗಳನ್ನು ಯೋಚಿಸದೆಯೇ ಮಾಡಿಬಿಡುತ್ತಾನೆ. ಕಲಿಸುವಾಗ ಅದನ್ನೇ ಬಿಡಿಸಿ ಹೇಳಬೇಕು. ಬರುವ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಹೇಗೆ ಹಿಡಿತಕ್ಕೆ ತರಬೇಕು, ಚೆಂಡು ಬರುವ ಮುನ್ನವೇ ಭುಜದ ಹಿಂದೆ ಏಕೆ ನೋಡಿಕೊಳ್ಳಬೇಕು, ಬಲಗಾಲಿನವನು ಎಡಗಾಲನ್ನೂ ಏಕೆ ಪಳಗಿಸಬೇಕು ಎಂಬುದನ್ನು ನೂರು ಸಲ ಹೇಳಿ, ನೂರೊಂದನೇ ಸಲವೂ ತಾಳ್ಮೆ ಕೆಡದೆ ಹೇಳಬೇಕು. ಮಕ್ಕಳಿಗೆ ಮದರಸಾದಲ್ಲಿ ಕಾಯದೆ ಕಲಿಸುವ ಹಜರತರಿಗೂ ಒಂದನೇ ತರಗತಿಯ ಟೀಚರಿಗೂ ಈ ಮಾತು ಚೆನ್ನಾಗಿ ಗೊತ್ತು. ಪಂದ್ಯದ ದಿನ ಹುಡುಗ ತಪ್ಪು ಮಾಡಿದರೆ ತರಬೇತುದಾರ ಬಿಳಿ ಗೆರೆ ದಾಟಿ ಒಳಗೆ ಹೋಗುವಂತಿಲ್ಲ. ಹೊರಗೆ ನಿಂತು ನೋಡಬೇಕು. ಮಕ್ಕಳನ್ನು ಬೆಳೆಸಿದ ಪ್ರತಿಯೊಬ್ಬ ತಂದೆತಾಯಿಯೂ ಆ ಗೆರೆಯ ಆಚೆ ನಿಂತವರೇ ಅಲ್ಲವೇ?

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಚಾಪ್‌ಮನ್ ನಿಧನರಾದರು. ವಯಸ್ಸು ಕೇವಲ 49. ಆಡಿದ ವರ್ಷಗಳಷ್ಟನ್ನೇ, ಬಹುಶಃ ಅದಕ್ಕಿಂತ ಹೆಚ್ಚನ್ನೇ, ಅವರು ಕಲಿಸುವುದರಲ್ಲಿ ಕಳೆದಿದ್ದರು.

ಹೆತ್ತವರೇ, ಇಷ್ಟು ಮಾಡಿ

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಕೇವಲ ಆಡುವುದನ್ನೇ ನಂಬಿದರೆ ಆಟ ಹೆಚ್ಚೆಂದರೆ ಹದಿನೈದು ವರ್ಷದ ಅನ್ನ. ಅದೂ ಬೆರಳೆಣಿಕೆಯವರಿಗೆ. ಈ ಸತ್ಯವನ್ನು ಮಗನಿಂದ ಮುಚ್ಚಿಡಬೇಡಿ. ಆದರೆ ಆಟದ ಜೊತೆಗೆ ಕಲಿಸುವ ವಿದ್ಯೆಯೂ ಸೇರಿದರೆ ಅದು ಜೀವನದುದ್ದಕ್ಕೂ ಬರುವ ಕಸುಬು. ಇಂದು ಅದಕ್ಕೆ ಮೆಟ್ಟಿಲುಗಳಿವೆ. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಡಿ ಲೈಸೆನ್ಸ್‌ನಿಂದ ಆರಂಭಿಸಿ, ಏಷ್ಯನ್ ಒಕ್ಕೂಟದ ಸಿ, ಬಿ, ಎ, ಪ್ರೊ ಎಂದು ಮೇಲೇರಬಹುದು. ಶಾಲೆಗಳಲ್ಲಿ ದೈಹಿಕ ಶಿಕ್ಷಕರಾಗಲು ಅದಕ್ಕೆಂದೇ ಪದವಿ ಶಿಕ್ಷಣವಿದೆ. ಈ ದಾರಿಗಳಲ್ಲಿ ಬರೆಯಬೇಕು, ಓದಬೇಕು, ಹತ್ತು ಜನರೆದುರು ನಿಂತು ಮಾತನಾಡಬೇಕು. ಆದ್ದರಿಂದ ಹತ್ತನೇ ತರಗತಿ ಬಿಟ್ಟು ಮೈದಾನಕ್ಕೆ ಹೋಗುತ್ತೇನೆಂದು ಮಗ ಹಟ ಹಿಡಿದರೆ, ತರಬೇತುದಾರನಾಗಲಿಕ್ಕೂ ಪುಸ್ತಕ ಬೇಕು ಎಂದು ತಿಳಿಸಿ ಹೇಳಿ. ಓದಿನ ನೆಪದಲ್ಲಿ ಚೆಂಡನ್ನು ಅಟ್ಟದ ಮೇಲೆ ಬಚ್ಚಿಡುವುದೂ ಬೇಡ.

ನಿಮ್ಮ ಊರಿನಲ್ಲಿ ಹಿಂದೆ ಚೆನ್ನಾಗಿ ಆಡಿ ಈಗ ಅಂಗಡಿಯಲ್ಲೋ ವರ್ಕ್‌ಶಾಪಿನಲ್ಲೋ ದುಡಿಯುತ್ತಿರುವವರು ಒಬ್ಬರಾದರೂ ಇರುತ್ತಾರೆ. ಅವರ ಬಳಿ ಹೋಗಿ, ಭಾನುವಾರ ಬೆಳಿಗ್ಗೆ ಎರಡು ಗಂಟೆ ನಮ್ಮ ಮಕ್ಕಳಿಗೆ ಕಲಿಸಿಕೊಡಿ ಎಂದು ಕೇಳಿ. ಸಾಧ್ಯವಾದರೆ ಮೊಹಲ್ಲಾದ ನಾಲ್ಕು ಮನೆಯವರು ಸೇರಿ ಅವರಿಗೊಂದು ಸಣ್ಣ ಗೌರವಧನ ಕೊಡಿ. ನಿಮ್ಮ ಮಗ ಭಾರತ ತಂಡಕ್ಕೆ ಆಡುತ್ತಾನೋ ಇಲ್ಲವೋ ಯಾರೂ ಹೇಳಲಾರರು. ಆದರೆ ಆ ಹಿರಿಯ ಆಟಗಾರ ಬಲ್ಲ ವಿದ್ಯೆ ಅವರೊಂದಿಗೇ ಮುಗಿದುಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.