ಎಲ್ಲಕ್ಕೂ ‘ಇಂಗ್’ ಹಚ್ಚಿದರೆ ಇಂಗ್ಲಿಷ್ ವರ್ತಮಾನಕಾಲ ಆಗುತ್ತದೆಯೇ?

‘ಈಗ’ ಎಂಬ ಅರ್ಥ ಬರುವ ಕಡೆಯೆಲ್ಲ ‘ಆಮ್’, ‘ಈಸ್’, ‘ಆರ್’ ಹಾಕಿ, ಕ್ರಿಯಾಪದದ ಕೊನೆಗೆ ‘ಇಂಗ್’ ಸೇರಿಸಿದರೆ ಸಾಕು ಎನ್ನುವ ಇಂಗ್ಲಿಷ್ ಪಾಠಗಳು ವಾಟ್ಸಾಪ್‌ನಲ್ಲಿ ಬರುತ್ತಿರುತ್ತವೆ. ಇದು ಅರ್ಧ ಮಾತ್ರ ನಿಜ. ಇದನ್ನೇ ನಂಬಿ ಕೆಲಸದ ಸಂದರ್ಶನಕ್ಕೆ ಹೋದರೆ ಉಳಿದರ್ಧ ಕೈಕೊಡುತ್ತದೆ.

ಲಾಲ್‌ಬಾಗ್ ಪಕ್ಕದ ಸಿದ್ದಾಪುರವನ್ನೇ ತೆಗೆದುಕೊಳ್ಳೋಣ. ಅಲ್ಲಿನ ನರ್ಸರಿಯವರು ‘ವಿ ಸೆಲ್ ರೋಸ್ ಪ್ಲಾಂಟ್ಸ್’ ಎಂದರೆ ಗುಲಾಬಿ ಗಿಡ ಮಾರುವುದು ಅವರ ಕಸುಬು ಎಂದರ್ಥ. ‘ವಿ ಆರ್ ಸೆಲ್ಲಿಂಗ್’ ಎಂದರೆ ಸದ್ಯಕ್ಕೆ ಮಾರುತ್ತಿದ್ದಾರೆ, ಮುಂದಿನ ತಿಂಗಳು ಸಿಗದೆಯೂ ಇರಬಹುದು. ಅಲ್ಲೇ ಹುಟ್ಟಿ ಬೆಳೆದವರು ‘ಐ ಆಮ್ ಸ್ಟೇಯಿಂಗ್ ಇನ್ ಸಿದ್ದಾಪುರ’ ಎಂದರೆ, ನೆಂಟರ ಮನೆಗೆ ಬಂದು ನಾಲ್ಕು ದಿನ ತಂಗಿದಂತೆ ಕೇಳಿಸುತ್ತದೆ. ಅವರಿಗೆ ‘ಐ ಲಿವ್ ಇನ್ ಸಿದ್ದಾಪುರ’ ಸರಿ. ಅವನು, ಅವಳು, ಅದು ಎಂದಾಗ ಕೊನೆಗೊಂದು ‘ಎಸ್’ ಸೇರುತ್ತದೆ: ‘ಶಿ ಲಿವ್ಸ್’.

ಈ ತಪ್ಪು ದಡ್ಡತನವೇನಲ್ಲ. ಈ ಕ್ಷಣ ಮಾಡುವ ಕೆಲಸಕ್ಕೂ ಹತ್ತು ವರ್ಷದ ನೌಕರಿಗೂ ನಾವು ‘ಮಾಡ್ತಾ ಇದ್ದೀನಿ’ ಎಂದೇ ಹೇಳುತ್ತೇವೆ. ಕನ್ನಡದಲ್ಲಿ ಅದು ಸರಿಯೇ. ಪದಕ್ಕೆ ಪದ ಇಟ್ಟಾಗ ಇಂಗ್ಲಿಷಿನಲ್ಲಿ ಅರ್ಥ ಜಾರುತ್ತದೆ.

ಕನ್ನಡವೇ ನೆರವಿಗೆ ಬರುವ ಜಾಗವೂ ಇದೆ. ‘ಗೊತ್ತು’, ‘ಬೇಕು’, ‘ಇಷ್ಟ’ ಎನ್ನುತ್ತೇವೆಯೇ ಹೊರತು ‘ಬೇಕ್ತಾ ಇದೆ’ ಎಂದು ಯಾರೂ ಹೇಳುವುದಿಲ್ಲ. ಇವುಗಳ ಇಂಗ್ಲಿಷ್ ರೂಪಗಳಾದ ‘ನೋ’, ‘ವಾಂಟ್’, ‘ಲೈಕ್’ಗಳಿಗೂ ಸಾಮಾನ್ಯವಾಗಿ ‘ಇಂಗ್’ ಹತ್ತುವುದಿಲ್ಲ. ‘ಇಬ್ಬರು ಮಕ್ಕಳಿದ್ದಾರೆ’ ಎನ್ನಲು ‘ಐ ಹ್ಯಾವ್ ಟು ಚಿಲ್ಡ್ರನ್’ ಸಾಕು, ‘ಐ ಆಮ್ ಹ್ಯಾವಿಂಗ್’ ಬೇಡ. ‘ಐ ಆಮ್ ಹ್ಯಾವಿಂಗ್ ಲಂಚ್’ ಮಾತ್ರ ಸರಿ, ಏಕೆಂದರೆ ಅಲ್ಲಿ ಊಟ ಮಾಡುವ ಕೆಲಸ ನಡೆಯುತ್ತಿದೆ. ಭಾರತದಲ್ಲಿ ಈ ‘ಹ್ಯಾವಿಂಗ್’ ಎಷ್ಟು ರೂಢಿಯೆಂದರೆ, ಭಾಷಾತಜ್ಞರು ಇದನ್ನು ಭಾರತೀಯ ಇಂಗ್ಲಿಷಿನ ಲಕ್ಷಣವೆಂದೇ ಗುರುತಿಸುತ್ತಾರೆ. ವ್ಯಾಕರಣದ ಪ್ರಶ್ನೆಪತ್ರಿಕೆ ಅಷ್ಟು ಉದಾರಿಯಲ್ಲ.

ನಮ್ಮ ಲೆಕ್ಕದಲ್ಲಿ ಎಲ್ಲಕ್ಕಿಂತ ಕಷ್ಟದ್ದು ‘ಮೂರು ವರ್ಷದಿಂದ ಕೆಲಸ ಮಾಡ್ತಾ ಇದ್ದೀನಿ’ ಎಂಬ ವಾಕ್ಯ. ಸಂದರ್ಶನದಲ್ಲಿ ಅನುಭವ ಕೇಳಿದಾಗ ಬೇಕಾಗುವುದೂ ಇದೇ. ‘ಐ ಆಮ್ ವರ್ಕಿಂಗ್ ಸಿನ್ಸ್ ತ್ರೀ ಇಯರ್ಸ್’ ತಪ್ಪು. ಕೆಲಸ ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವುದರಿಂದ ‘ಐ ಹ್ಯಾವ್ ಬೀನ್ ವರ್ಕಿಂಗ್ ಫಾರ್ ತ್ರೀ ಇಯರ್ಸ್’ ಎನ್ನಬೇಕು. ಎಷ್ಟು ಕಾಲ ಎಂದು ಹೇಳುವಾಗ ‘ಫಾರ್’ ಬರುತ್ತದೆ, ಯಾವಾಗ ಶುರುವಾಯಿತು ಎಂದು ಹೇಳುವಾಗ ‘ಸಿನ್ಸ್ 2021’. ಕನ್ನಡದಲ್ಲಿ ‘ಮೂರು ವರ್ಷದಿಂದ’, ‘2021ರಿಂದ’ ಎಂದು ಎರಡಕ್ಕೂ ‘ಇಂದ’ ಒಂದೇ ಸಾಲುತ್ತದೆ. ಗೊಂದಲ ಹುಟ್ಟುವುದು ಅಲ್ಲಿಂದಲೇ.